ಇಪ್ಪತ್ತಾರು ಗ್ರಾಂ

ಅಂಚೆ ಕಚೇರಿ ಮುಚ್ಚಿದ ವರ್ಷ
ನಾನು ಮನೆಗೆ ತಂದದ್ದು ಎರಡೇ:
ಹಿತ್ತಾಳೆಯ ತಕ್ಕಡಿ, ಮತ್ತೆ ಈ ಬೆರಳುಗಳು.
ಮೂವತ್ತೊಂದು ವರ್ಷ ಲಕೋಟೆ ಎತ್ತಿ ಎತ್ತಿ
ಇಪ್ಪತ್ತು ಗ್ರಾಂ ದಾಟಿತೋ ಇಲ್ಲವೋ
ಕತ್ತಲಲ್ಲೂ ಹೇಳಬಲ್ಲವು.
ತಾರ್ತುವಿಗೆ ಹೊರಟ ಮದುವೆ ಕಾಗದ,
ಫಿನ್ಲೆಂಡಿನ ಹಡಗುಕಟ್ಟೆಯಲ್ಲಿ ದುಡಿಯುವವನಿಗೆ ಉಣ್ಣೆಯ ಕಾಲುಚೀಲ,
ಬರೆದವಳೇ ಮರುದಿನ ಬಂದು
ವಾಪಸ್ಸು ಕೊಡಿ ಎಂದು ಗೋಗರೆದ ಒಂದು ಪತ್ರ.

ಅದಕ್ಕೇ ಇರಬೇಕು, ಕಲ್ಯು ಫೋನು ಮಾಡಿದ:
"ಹೆಲ್ವೆ, ನಿನ್ನ ಎರಡು ಬೆರಳು ಬೇಕು. ಅರ್ಧ ಗಂಟೆ ಸಾಕು."

ಕಲ್ಯು ಎಂದರೆ ನಮ್ಮ ಮಾತಿನಲ್ಲಿ ಬಂಡೆ.
ಆ ಬಂಡೆಯ ಕೈಗಳಲ್ಲಿ ಎರಡು ವರ್ಷದಿಂದ
ಚಮಚದ ಸೂಪು ನಿಲ್ಲುವುದಿಲ್ಲ.
ಆದರೂ ಚಳಿಗಾಲವಿಡೀ ಕೂತು
ಬಾಲ್ಸಾ ಕಟ್ಟಿಗೆಯ ಪಕ್ಕೆಲುಬು ಒಂದೊಂದೇ ಕತ್ತರಿಸಿ,
ಬಟ್ಟೆ ಒಣಹಾಕುವ ಕ್ಲಿಪ್ಪು ಕಚ್ಚಿಸಿ, ಅಂಟು ಹಚ್ಚಿ
ಎರಡು ಮೀಟರಿನ ಹಳದಿ ರೆಕ್ಕೆ ಕಟ್ಟಿದ್ದಾನೆ.
ನಾಲ್ಕನೆಯ ಪಕ್ಕೆಲುಬು ತುಸು ಸೊಟ್ಟ.
ನೋಡಿದೆ. ಹೇಳಲಿಲ್ಲ.

ರಷ್ಯನ್ನರು ಬಿಟ್ಟುಹೋದ ರನ್‌ವೇ.
ಕಾಂಕ್ರೀಟಿನ ಚಪ್ಪಡಿಗಳ ಸಂದಿಯಲ್ಲಿ ಬರ್ಚ್ ಸಸಿಗಳು,
ಒಂದು ಕಾಲದಲ್ಲಿ ಇಲ್ಲಿ ಕಿವಿ ಮುಚ್ಚಿ ನಡೆಯಬೇಕಿತ್ತು.
ಈಗ ಟಿಟ್ಟಿಭ ಕೂಗಿದ್ದೂ ಕೇಳುತ್ತದೆ.

ರೆಕ್ಕೆಯಡಿಯಲ್ಲಿ ಪೆನ್ಸಿಲಿನ ಎರಡು ಚುಕ್ಕಿ,
ಮುಂಚೂಣಿಯಿಂದ ಎಂಬತ್ತೆರಡು ಮಿಲಿಮೀಟರ್ ಹಿಂದಕ್ಕೆ.
"ಅಲ್ಲೇ ಇಡು ಬೆರಳು. ಎತ್ತು. ಅದರ ಇಷ್ಟಕ್ಕೆ ಬಿಡು."
ಬಿಟ್ಟೆ.
ಬಾಲ ಕುಸಿಯಿತು, ಮುನಿದ ಬೆಕ್ಕು ಕೂತಂತೆ.
"ಮೂಗು ಭಾರವಾದರೆ ಹಠಮಾರಿ," ಎಂದ ಕಲ್ಯು,
"ಬಾಲ ಭಾರವಾದರೆ ಹುಚ್ಚು. ಹಠಮಾರಿಯ ಜೊತೆ ಬಾಳಬಹುದು."
ಬ್ಯಾಟರಿಯನ್ನು ಮುಂದೆ ತಳ್ಳಿದ; ಜಾಗ ಮುಗಿಯಿತು.
ಮತ್ತೆ ಎತ್ತಿದೆ; ಮತ್ತೆ ಬಾಲ.

ಆಗ ಹೊರಬಂತು ಗಾಳದ ಸೀಸದ ಡಬ್ಬಿ.
ಏಳು ಗ್ರಾಮಿನದು ಮೂರು ಇಟ್ಟೆವು ಮೂಗಿನೊಳಗೆ.
ಸಾಲದು, ಎಂದವು ಬೆರಳು.
ಐದರದು ಇನ್ನೊಂದು.
ಈಗ ನಿಂತಿತು.
ಮೂಗು ಮಾತ್ರ ಎಳ್ಳಷ್ಟು ಬಗ್ಗಿತ್ತು,
ಹೊಸಿಲು ದಾಟುವಾಗ ಎತ್ತರದವರು ತಲೆ ತಗ್ಗಿಸುವ ಹಾಗೆ.
ಉಸಿರು ಬಿಡಲು ನನಗೂ ಹೆದರಿಕೆ.
ಇಷ್ಟು ಹೊತ್ತು ಹೀಗೆ ಸುಮ್ಮನೆ ನಿಂತು
ಏನನ್ನಾದರೂ ಎತ್ತಿ ಹಿಡಿದು ಎಷ್ಟು ಕಾಲವಾಯಿತೋ.

ಆಮೇಲೆ ಬಾಲದ ಹಿಂದೆ ನಿಲ್ಲಿಸಿದ ನನ್ನನ್ನು.
"ಬಲಕ್ಕೆ ಒತ್ತುತ್ತೇನೆ. ಬಲರೆಕ್ಕೆಯ ಪಟ್ಟಿ ಏನು ಮಾಡಿತು?"
"ಕೆಳಗಿಳಿಯಿತು."
ಕಲ್ಯು ಬಾಯಿಗೆ ಬಂದ ಬೈಗುಳ ನುಂಗಿದ, ಅರ್ಧ.
"ಮೇಲೇಳಬೇಕಿತ್ತು. ನೀನಿಲ್ಲದಿದ್ದರೆ ಇವತ್ತು
ಕಸಬರಿಕೆ ತರಬೇಕಾಗುತ್ತಿತ್ತು."
ಎಂಥದೋ ಗುಂಡಿ ಒತ್ತಿ ತಿದ್ದಿದ.

ಆಗಲೇ ಕಂಡದ್ದು:
ರಿಮೋಟು ಅವನ ಕೈಯಲ್ಲಿ, ವಿಮಾನ ಹುಲ್ಲಿನ ಮೇಲೆ,
ನಡುವೆ ಹತ್ತು ಹೆಜ್ಜೆ,
ಚುಕ್ಕಾಣಿ ನಡುಗುತ್ತಿತ್ತು.
ಗಾಳಿಗಲ್ಲ.
ಅವನೂ ನೋಡಿದ, ನಾನು ನೋಡಿದ್ದನ್ನು.
ಮೂಲೆಯ ಚಿಕ್ಕ ಸ್ವಿಚ್ಚು ಹಾಕಿದ.
ಕೈ ನಡುಗುತ್ತಲೇ ಇತ್ತು,
ಚುಕ್ಕಾಣಿ ನಿಂತಿತು.

"ನಡುವಿನ ಸಣ್ಣ ಅಲುಗಾಟ ಮಾತಲ್ಲ
ಅಂತ ಇದಕ್ಕೆ ಹೇಳಿಟ್ಟಿದ್ದೇನೆ.
ದೊಡ್ಡದಾಗಿ ತಳ್ಳಿದರೆ ಮಾತ್ರ ಕೇಳುತ್ತದೆ."

ಒಂದೆರಡು ಗ್ರಾಂ ಮೀರಿದ ಕಾಗದಗಳನ್ನು
ನಾನೂ ಹಾಗೇ ಬಿಟ್ಟಿದ್ದೆ, ಕಲ್ಯು,
ಟಪಾಲು ಇಲಾಖೆಗೆ ತಿಳಿಯದಂತೆ.
ಅವನಿಗೆ ಹೇಳಲಿಲ್ಲ ಇದನ್ನೂ.

ಹಾರಿತು.
ಏಳು ನಿಮಿಷ, ಬರ್ಚ್ ಮರಗಳ ತಲೆಯ ಮೇಲೆ ಮೂರು ಸುತ್ತು.
ಇಳಿಯುವಾಗ ಒಂದು ಚಕ್ರ ಚಪ್ಪಡಿಯ ಸಂದಿಗೆ ಸಿಕ್ಕಿ
ಪ್ರೊಪೆಲ್ಲರಿನ ತುದಿ ಮುರಿಯಿತು.
ಕಲ್ಯು ಸೀಟಿ ಹೊಡೆಯುತ್ತ ತುಂಡು ಹುಡುಕಿದ.

ಮನೆಗೆ ಬಂದು ಕೋಟು ಕಳಚುವಾಗ
ಜೇಬಿನಲ್ಲಿ ಉಳಿದ ಸೀಸ, ಮೂರು ತುಂಡು.
ಹನ್ನೊಂದು ಗ್ರಾಂ ಇರಬಹುದು.
ತಕ್ಕಡಿ ಅಲ್ಲೇ ಇತ್ತು, ಕಿಟಕಿಯ ಬಳಿ.
ತೂಗಲಿಲ್ಲ.