ಕೆ. ಸಿದ್ದರಾಜು, ಬೈಂಡಿಂಗ್

ಪಡುವಾರಹಳ್ಳಿಯ ನನ್ನ ಜೆರಾಕ್ಸ್ ಅಂಗಡಿಗೆ ಮೊದಲು ಬಂದಾಗ
ಅವಳು ಮಲಾವಿ ಅಂದದ್ದು ಮಳವಳ್ಳಿ ಅಂತ ಕೇಳಿ
ಯಾವ ಹೋಬಳಿ ಎಂದಿದ್ದೆ.
ನಕ್ಕಿದ್ದಳು ಚಿಕೊಂಡಿ.

ಈಗ ಐದು ಪ್ರತಿ. ಕಪ್ಪು ರೆಕ್ಸಿನ್, ಚಿನ್ನದಕ್ಷರ,
ನಾಳೆಯೇ ಗಂಗೋತ್ರಿಗೆ ಕೊಡಬೇಕು.

ನಡುವೆ ಮಡಿಚಿದ ಭೂಪಟ.
ತಲೆಕೆಳಗಾಗಿ ಅಚ್ಚಾಗಿದೆಯೆಂದು
ಐದರಲ್ಲೂ ತಿರುಗಿಸಿ ಹೊಲಿದಿದ್ದೆ,
ಉಪಕಾರ ಮಾಡಿದವನ ಹಾಗೆ.

ಬಿಚ್ಚಿ, ಅಂದಳು. ಸಿಟ್ಟಿರಲಿಲ್ಲ.
'ಯಾರ ತಲೆ, ಯಾರ ಕೆಳಗು, ಅಣ್ಣಾ?
ನಮ್ಮಲ್ಲಿ ನಿಂತು ನೋಡಿ, ಹೀಗೇ ಕಾಣೋದು.
ಇನ್ನೊಬ್ಬರ ಪುಟದ ಅಂಚಲ್ಲ ನಾವು.'

ದಾರ ಬಿಚ್ಚುತ್ತಾ ಕೂತೆ.
ಮೂಲೆಯ ಹುಡುಗರು ಅವಳ ಬೆನ್ನಿಗೆ ಎಸೆಯುವ ಮಾತು
ನನ್ನಜ್ಜಿಯ ಹೆಸರಿನ ಅರ್ಧ.
ಕರಿಯಮ್ಮ. ನಮ್ಮ ಕೇರಿಯ ದೇವರದೂ ಅದೇ.
ಅಲ್ಲಿ ಆ ಹೆಸರಿಗೆ ಕೈ ಮುಗಿಯುತ್ತಾರೆ.

ಬಿಲ್ಲು ಬರೆಯುವಾಗ ಕೇಳಿದಳು:
ಈ 'ಕೆ' ಅಂದರೆ?
ಊರು, ಅಂದೆ. ಕಿರುಗಾವಲು.
ಊರು ಸುಳ್ಳಲ್ಲ.
ಆದರೆ ಶಾಲೆಯ ದಾಖಲೆಯಲ್ಲಿ ನಾನು ಕರಿಸಿದ್ದ.

ಅವಳು ಹೋದ ಮೇಲೆ
ಉಳಿದ ರೆಕ್ಸಿನ್ ಚೂರಿನ ಮೇಲೆ
ಕನ್ನಡದ ಮೊಳೆ ಜೋಡಿಸಿ ಒತ್ತಿದೆ.
ಕಾವು ಸಾಲಲಿಲ್ಲ.
'ಕ' ಮೂಡಿತು,
'ರಿ' ಅರ್ಧ.