ನೀಲಿಗೆ ತಿರುಗಿಸಿದ ಮೇಲೂ

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನ ಅಂಗಡಿ, ಹನ್ನೊಂದಡಿ ಅಗಲ.
ಆ ಗಾಡಿಗೆ ಸಾಲದೆ, ಬಾಲ ರಸ್ತೆಗೆ ಚಾಚಿಯೇ ನಿಂತಿತು.
ಹಳೇ ಟೆಂಪೋ ಟ್ರಾವೆಲರು. ಸೀಟು ಕಿತ್ತು ಮಂಚ, ಒಲೆ,
ನೀರಿನ ಟ್ಯಾಂಕು, ಕಿಟಕಿಗೆ ಸೊಳ್ಳೆಪರದೆ.
ಡಬ್ಬದಲ್ಲೊಂದು ದೊಡ್ಡಪತ್ರೆ ಗಿಡ,
ಬ್ರೇಕಿಗೆ ಬೀಳದ ಹಾಗೆ ತಂತಿ ಬಿಗಿದದ್ದು.

"ಗ್ಯಾಸು ತುಂಬ್ಸಿ" ಅಂದರು ಮರೀಗೌಡರು,
ಸರ್ವೆ ಇಲಾಖೆಯಲ್ಲಿ ಊರೂರು ಅಳೆದು ನಿವೃತ್ತರಾದವರು.
"ತಿಪಟೂರಲ್ಲೊಂದ್ಸಲ, ಅರಸೀಕೆರೇಲಿ ಇನ್ನೊಂದ್ಸಲ ತುಂಬ್ಸಾಯ್ತು.
ಆದ್ರೂ ಡ್ಯಾಶ್‌ಬೋರ್ಡಿಂದ ಬರೋದು
ಹಸು ಮುಖದ ಮೇಲೆ ಉಸಿರು ಬಿಟ್ಟಂಗೆ."

ಗೇಜು ಹಾಕಿದೆ. ಕೆಂಪು ಮುಳ್ಳು, ನೀಲಿ ಮುಳ್ಳು
ಎರಡೂ ನಿಲ್ಲಬೇಕಾದಲ್ಲೇ ನಿಂತವು.
ವಿವರಿಸುವುದು ನನಗೆ ಚಟ;
ಪಾನೆ ಹಿಡಿದ ಅಫ್ರೋಜ್ ಆಗಲೇ ನಗುತ್ತಿದ್ದ.

"ಏಸಿ ತಂಪು ಹುಟ್ಟಿಸಲ್ಲ ಗೌಡ್ರೆ,
ಒಳಗಿನ ಸೆಕೆ ಹೊತ್ತು ಹೊರಗೆ ಹಾಕುತ್ತೆ, ಅಷ್ಟೆ.
ಎಂಜಿನ್ನು ಬೆಲ್ಟನ್ನು ತಿರುಗಿಸುತ್ತೆ, ಬೆಲ್ಟು ಕಂಪ್ರೆಸರನ್ನು.
ಅದು ಗ್ಯಾಸು ಹಿಂಡಿದರೆ
ಸೈಕಲ್ ಪಂಪಿನ ತುದಿಯಂತೆ ಸುಡುತ್ತೆ.
ಆ ಸುಡುಗ್ಯಾಸು ರೇಡಿಯೇಟರಿನ ಮುಂದೆ
ಗಾಳಿಗೆ ಮೈಯೊಡ್ಡಿ ದ್ರವವಾಗುತ್ತೆ.
ಆಮೇಲೊಂದು ತೂತು, ಸೂಜಿಗಣ್ಣಿನಷ್ಟು.
ದಾಟಿದ್ದೇ ತಡ, ಅಂಗೈಗೆ ಚೆಲ್ಲಿದ ಸ್ಪಿರಿಟಿನ ಹಾಗೆ
ಮುಟ್ಟಿದ್ದರ ಬಿಸಿಯನ್ನೆಲ್ಲ ಕುಡಿದು ಹಾರುತ್ತೆ.
ಅದರ ಮೇಲೆ ಊದಿದ ಗಾಳಿ ನಿಮ್ಮ ಮುಖಕ್ಕೆ.
ಎಂಜಿನ್ ನಿಂತರೆ ಎಲ್ಲ ನಿಂತಂತೆ."

"ಕೆಳಗೆ ತೊಟ್ಟಿಕ್ತದಲ್ಲ ನೀರು?"
ಮಂಚದಿಂದ ತಿಮ್ಮಾಜಮ್ಮ, ಬೆಳ್ಳುಳ್ಳಿ ಸುಲಿಯುತ್ತ.
"ಸೋರಿಕೆ ಅಲ್ಲಮ್ಮ. ನೀವಿಬ್ಬರ ಉಸಿರು, ಸಾರಿನ ಹಬೆ,
ತಣ್ಣನೆ ಕೊಳವೆಗೆ ಕೂತು ಇಳಿಯುತ್ತೆ."
"ಹಂಗಾರೆ ಇವರು ಬೈದಿದ್ದೂ ಸೇರಿರ್ಬೇಕು."

ಬಾನೆಟ್ಟಿನಡಿ ಕೈಯಿಟ್ಟೆ.
ಏಸಿ ಕೊಳವೆ ಬಾವಿಹಗ್ಗದಂತೆ ತಣ್ಣಗೆ, ಒದ್ದೆ.
ಪಕ್ಕದ ರಬ್ಬರು ಪೈಪೆರಡೂ ಕೈ ಸುಟ್ಟವು.
ಹೀಟರಿನವು.
ಒಳಗೆ ಗುಂಡಿ ನೀಲಿಯಲ್ಲೇ ಇದೆ,
ಇಲ್ಲಿ ನಲ್ಲಿ ಅರ್ಧ ತೆರೆದು, ಕೇಬಲು ಕ್ಲಿಪ್ಪು ಬಿಟ್ಟು
ಹಲ್ಲಿ ಬಾಲದ ಹಾಗೆ ಜೋತಿದೆ.
ಒಂದೇ ಪೆಟ್ಟಿಗೆಯೊಳಗೆ ಒಬ್ಬ ಆರಿಸಿದ್ದನ್ನು
ಇನ್ನೊಬ್ಬ ಕಾಯಿಸುತ್ತಿದ್ದಾನೆ.

"ಹೀಟರು ಯಾರು ಮುಟ್ಟಿದ್ದು?"
"ಯಾರೂ ಇಲ್ಲ. ನಮ್ ಸೀಮೇಲಿ ಹೀಟರು ಯಾಕ್ರಿ?"
ಗೌಡರು ಟೀಗೆಂದು ರಸ್ತೆ ದಾಟಿದರು.

ತಿಮ್ಮಾಜಮ್ಮ ಇಳಿದು ಬಂದರು, ಸೆರಗಿಗೆ ಬೆಳ್ಳುಳ್ಳಿ ಸಿಪ್ಪೆ.
"ಜನವರೀಲಿ, ಮುಳ್ಳಯ್ಯನಗಿರಿ ಹತ್ತುವಾಗ.
ಇನ್ನೂ ಕತ್ತಲೆ. ಕ್ಲಚ್ಚಿನ ಮೇಲೆ ಅವರ ಎಡಮಂಡಿ ನಡುಗ್ತಿತ್ತು.
ಕೇಳಿದ್ರೆ ಚಳಿ ಇಲ್ಲ ಅಂತಾರೆ.
ಕಾಲಬುಡಕ್ಕೆ ಬಿಸಿ ಬರ್ಲಿ ಅಂತ ನಾನೇ ತಿರುವ್ದೆ, ಜೋರಾಗಿ.
ಟಪ್ ಅಂತು.
ಇಳಿಯುವಾಗ ನೀಲಿಗೆ ತಿರುವಿಟ್ಟೆ.
ಸರಿಹೋಯ್ತು ಅಂದ್ಕೊಂಡೆ."

ಈಗ ಏಪ್ರಿಲ್. ಮೂರು ತಿಂಗಳು
ಆ ಚಳಿಗೆ ಕೊಟ್ಟ ಬಿಸಿ ಬರುತ್ತಲೇ ಇತ್ತು.

ಗೌಡರು ಬಂದರು. "ಏನಾಗಿತ್ತು?"
"ಕೇಬಲು ಹಳೇದು. ತಾನಾಗೇ ಬಿಟ್ಟಿತ್ತು."
ಅಫ್ರೋಜ್ ನನ್ನನ್ನೇ ನೋಡಿದ.
"ಸೀಟಿನ ಹಿಂದೊಂದು ಕಂಬಳಿ ಕಟ್ಟಿ ಗೌಡ್ರೆ,
ಇದು ಇಬ್ಬರಿಗಾಗುವ ತಂಪು, ಇಡೀ ಮನೆಗಲ್ಲ.
ಅಮ್ಮ ಮುಂದೆ ಬರಲಿ."

ಕ್ಲಚ್ಚು ಟಕ್ಕೆಂದು ಕಚ್ಚಿತು.
ಥರ್ಮಾಮೀಟರು ಮೂವತ್ತು, ಹತ್ತೊಂಬತ್ತು, ಒಂಬತ್ತು.
ಗೌಡರು ಕಣ್ಣುಮುಚ್ಚಿ ಗಾಳಿಗೆ ಗದ್ದವೆತ್ತಿದರು.
ಅವರು ನೋಡದಿದ್ದಾಗ
ತಿಮ್ಮಾಜಮ್ಮ ಕೈಚಾಚಿ ಜಾಲರಿಯ ರೆಕ್ಕೆಯನ್ನು
ಮಂಡಿಯ ಕಡೆಯಿಂದ ಮೇಲಕ್ಕೆ ತಿರುಗಿಸಿದರು,
ಈ ಸಲ ಮೆಲ್ಲಗೆ, ಎರಡೇ ಬೆರಳಲ್ಲಿ.

ಪುಸ್ತಕದಲ್ಲಿ ಬರೆದೆ: ಕ್ಲಿಪ್ಪು ಒಂದು, ಹದಿನೈದು ರೂಪಾಯಿ.
ಗ್ಯಾಸು ಇಲ್ಲ.