ನಡುವಣ ನಿಲ್ದಾಣ

ನದಿಯ ಮೂಲ ಕೇಳಬಾರದಂತೆ.
ನಾವು ಕೇಳುತ್ತೇವೆ,
ತಿಂಗಳ ಎರಡನೆಯ ಮಂಗಳವಾರ, ಸಂಜೆ ಏಳಕ್ಕೆ,
ಗೋರ್ ಊರಿನ ಚರ್ಚಿನ ಹಿಂದುಗಡೆ ಕೋಣೆಯಲ್ಲಿ,
ಹೀಟರು ಮನಸ್ಸು ಮಾಡಿದರೆ.

ಹನ್ನೊಂದು ಜನರ ವಂಶಾವಳಿ ಸಂಘ.
ಬೀಗದ ಕೈ ನನ್ನದು, ಚಹಾದ ಪಾತ್ರೆಯೂ.
ನಲವತ್ತು ವರ್ಷ ಉಣ್ಣೆಯ ದರ್ಜೆ ನೋಡಿದವನು;
ಒಂದೆಳೆ ಎತ್ತಿ ಬೆಳಕಿಗೆ ಹಿಡಿದರೆ
ಕುರಿ ಯಾವ ತಿಂಗಳು ಹಸಿದಿತ್ತೆಂದು ಹೇಳಬಲ್ಲೆ.
ಮನುಷ್ಯರದೂ ಹಾಗೇ ಅಂದುಕೊಂಡು ಸೇರಿದೆ.

ಹಾಗಲ್ಲ. ಮನುಷ್ಯರದ್ದು ಕಾಗುಣಿತದ ಕಷ್ಟ.
ಪಾದ್ರಿಗೆ ಕಿವಿ ಮಂದ, ಗುಮಾಸ್ತನಿಗೆ ನೆಗಡಿ,
ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮ
ಗೋರಿಯ ಮೇಲೆ ಬೇರೆ ಬೇರೆ ಮನೆತನ.
ಭಾನುವಾರ ಒದ್ದೆ ಸ್ಪಂಜು ಹಿಡಿದು ಹೋಗುತ್ತೇವೆ,
ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಚೆಲ್ಲುತ್ತೇವೆ.
ಸವೆದ ಅಕ್ಷರ
ಗಳಿಗೆ ಹೊತ್ತು ಎದ್ದು ಕೂರುತ್ತದೆ.

ಆಗಸ್ಟಿನ ಸಭೆ. ಹೊರಗೆ ಆಲಿಕಲ್ಲು.
ಮನೆಯ ಹಳೇ ಪಟ ತನ್ನಿ ಎಂದಿದ್ದೆವು.
ಎಫಿ ಡ್ರೈಸ್‌ಡೇಲ್, ಹದಿನೆಂಟು ವರ್ಷದ ಅಧ್ಯಕ್ಷೆ,
ರಕಾರವನ್ನು ನಾಲಿಗೆಯ ಮೇಲೆ ಎರಡು ಸುತ್ತು ಉರುಳಿಸಿ
ಹೇಳಿದಳು: ಇವರು ನನ್ನ ಮುತ್ತಜ್ಜ. ರೈಲ್ವೆ ಗಾರ್ಡು.
ಡನೀಡನ್ನಿನಲ್ಲಿ ಮನೆ. ಚರ್ಚಿನ ಹಿರಿಯರು.
ಕುಡಿತ ಮುಟ್ಟಿದವರಲ್ಲ.

ನೋಲಾ ಕೀಸ್ಟ್, ಹೊಸಬಳು,
ಸೊಂಟದ ಆಪರೇಶನ್ ಆದಮೇಲೆ
ಇನ್ವರ್‌ಕಾರ್ಗಿಲ್ ಬಿಟ್ಟು ಮಗಳ ಮನೆಗೆ ಬಂದವಳು,
ಚೀಸ್ ರೋಲಿನ ತಟ್ಟೆ ಕೆಳಗಿಟ್ಟು
ಕೈಚೀಲದಿಂದ
ಅದೇ ಮೀಸೆಯನ್ನು ಹೊರಗೆ ತೆಗೆದಳು.

ಅದೇ ಬಾವುಟ. ಎಡಗಾಲ ಬೂಟಿನ
ಅದೇ ಬಿಚ್ಚಿದ ಲೇಸು.
ಬೆನ್ನಿನಲ್ಲಿ ಅದೇ ಬಾಗಿದ ಕೈಬರಹ:
ಎಂದೆಂದಿಗೂ ನಿನ್ನವನೇ.

ಹೀಟರು ಮಾತ್ರ ಟಿಕ್ಕೆಂದಿತು.
ಬೇಡವೆಂದರೂ ಲೆಕ್ಕ ಹಾಕಿದೆ:
ಸೋಮವಾರ ದಕ್ಷಿಣಕ್ಕೆ, ಗುರುವಾರ ಉತ್ತರಕ್ಕೆ.
ಹಳಿಯ ಒಂದು ತುದಿಗೆ ಏಳು ಮಕ್ಕಳು, ಇನ್ನೊಂದಕ್ಕೆ ಐದು.
ನಡುವೆ ನಮ್ಮೂರು,
ಎಂಜಿನ್ನು ನೀರು ಕುಡಿಯುವ ಇಪ್ಪತ್ತು ನಿಮಿಷ.
ಆ ಇಪ್ಪತ್ತು ನಿಮಿಷದಲ್ಲಿ, ಓಟ್ಸ್ ಗಿರಣಿಯ ಎದುರು,
ಒಬ್ಬ ಗಂಡನನ್ನು ಕಳಚಿ
ಇನ್ನೊಬ್ಬನನ್ನು ತೊಟ್ಟುಕೊಂಡಿರಬೇಕು.
ಅಥವಾ, ಯಾರು ಕಂಡರು,
ಯಾರ ಗಂಡನೂ ಆಗದೆ
ಸುಮ್ಮನೆ ಒಂದು ಪೈಪು ಸೇದಿರಬೇಕು.

ಎಫಿ ಕೊನೆಗೆ ಕೇಳಿದ್ದು ಒಂದೇ ಮಾತು:
ನಿಮ್ಮ ಕಡೆ ಯಾರಿಗಾದರೂ
ಬಲಗಿವಿ ಬೇಗ ಹೋಯಿತೇ?
ಐವತ್ತಕ್ಕೇ, ಅಂದಳು ನೋಲಾ, ನನಗೂ, ಅಮ್ಮನಿಗೂ.
ಎರಡು ತಲೆ ಒಂದೇ ಪಕ್ಕಕ್ಕೆ ವಾಲಿದವು.
ಹದಿನೆಂಟು ವರ್ಷ ನಾನು ಆ ವಾಲುವಿಕೆಯನ್ನು
ಗರ್ವ ಎಂದು ಓದಿದ್ದೆ.

ನಡಾವಳಿ ಪುಸ್ತಕದಲ್ಲಿ ಹೀಗೆ ಬರೆದೆ:
ಇಬ್ಬರು ಸದಸ್ಯರು ಪಟ ಹಂಚಿಕೊಂಡರು.
ಚೀಸ್ ರೋಲು ಉಳಿಯಲಿಲ್ಲ.

ಈಗ ಅವರಿಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಾರೆ,
ಯಾರು ದಾರಿ ನೋಡಬೇಕೆಂದು ಜಗಳವಾಡುತ್ತ.
ಎರಡೂ ಹೆಂಡತಿಯರ ಕಲ್ಲು ಸಿಕ್ಕಿತು.
ಎರಡರಲ್ಲೂ ಪಕ್ಕದ ಜಾಗ ಖಾಲಿ.

ನಮ್ಮೂರ ಸ್ಮಶಾನದಲ್ಲಿ, ಹನ್ನೊಂದನೆಯ ಸಾಲು,
ಹಳಿಯ ಕಡೆಗೆ ಮುಖ ಮಾಡಿ
ಹೆಸರು ಸವೆದ ಒಂದು ಗಿಡ್ಡ ಕಲ್ಲಿದೆ.
ನಾನಿನ್ನೂ ಏನೂ ಹೇಳಿಲ್ಲ.
ಕನ್ನಡಿ ಕಾರಿನಲ್ಲೇ ಇದೆ.
ಬಿಸಿಲು ಬರಲಿ.